ಕೆಳಗಿನ ಹಾಲ್ ಹೆಂಗಸರಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಣಸವಾಡಿ ಕಡೆಯ ಈ ಶಾದಿ ಮಹಲಿನಲ್ಲಿ ನಿನ್ನೆ ಯಾರದೋ ಮದುವೆ ಮುಗಿದಿದೆ. ಬಾಡಿದ ಗುಲಾಬಿ, ಕಾಲಿಗೆ ಅಂಟುವ ನೆಲ, ಕೈ ತೊಳೆಯುವಲ್ಲಿ ಕಟ್ಟಿ ನಿಂತ ನೀರು. ಇಂಥ ಅವತಾರದಲ್ಲಿ ಮಹಲನ್ನು ನೋಡಲೆಂದೇ ಬರುವವರು ಚಾಂದ್ ಬೀ ಒಬ್ಬರೇ. ಬುರ್ಖಾದ ತೋಳು ಮಡಿಸಿಕೊಂಡು ಅಡುಗೆಮನೆಯ ಚರಂಡಿಗೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಅದು ಹರಿದುಹೋಗುವವರೆಗೂ ನಿಂತು ನೋಡುತ್ತಾರೆ. ಆಮೇಲೆ ಎರಡನೇ ಮಹಡಿಯ ಹೆಂಗಸರ ಹಾಲ್ ಕಡೆಗೆ ಮೆಟ್ಟಿಲು ಹತ್ತತೊಡಗಿ, ಅರ್ಧದಲ್ಲೇ ಮೊಣಕಾಲು ಹಿಡಿದುಕೊಂಡು ಕೂತುಬಿಡುತ್ತಾರೆ.

"ಸೀರಿಯಲ್ ಲೈಟ್ ಹಾಕಿದ್ಮೇಲೆ ಯಾವ ಹಾಲ್ ಆದ್ರೂ ಚೆನ್ನಾಗೇ ಕಾಣ್ಸುತ್ತೆ. ಮದ್ವೆ ಮುಗಿದ ಮಾರನೇ ದಿನ ನೋಡ್ಬೇಕು, ಆಗ ಗೊತ್ತಾಗುತ್ತೆ ಅದರ ಗುಣ," ಎನ್ನುತ್ತಾರೆ.

ಮಹಲಿನ ಮ್ಯಾನೇಜರ್ ಮುನಿರಾಜಪ್ಪನವರಿಗೆ ಈ ಹೆಂಗಸಿನ ಕಾಟ ಹೊಸದಲ್ಲ. "ಲೇಡೀಸ್ ಮೇಲೆ, ಜೆಂಟ್ಸ್ ಕೆಳಗೆ. ಮೊದ್ಲಿಂದ ಹಂಗೇ ಅಲ್ವಾ ಅಮ್ಮಾ. ಎಲ್ರೂ ಒಪ್ಕೋತಾರೆ," ಎನ್ನುತ್ತಾರೆ ಅವರು.

"ಒಪ್ಕೊಳ್ಳಲ್ಲ ಮುನಿರಾಜಪ್ಪ, ಹತ್ಕೊಂಡ್ ಹೋಗ್ತಾರೆ. ಅದು ಬೇರೆ, ಇದು ಬೇರೆ."

ಶಿವಾಜಿನಗರ, ಹಲಸೂರು, ಮರ್ಫಿ ಟೌನ್ ಸುತ್ತಮುತ್ತ ಮದುವೆ ನಿಶ್ಚಯವಾದ ಮನೆಯವರು ಮೊದಲು ಹುಡುಕುವುದು ಚಾಂದ್ ಬೀ ಅವರನ್ನು. ಹಾಲ್ ಗೊತ್ತು ಮಾಡುವುದು, ಅಡುಗೆಯ ಬಾವರ್ಚಿಯನ್ನು ಒಪ್ಪಿಸುವುದು, ಕುರ್ಚಿ, ಹೂವು, ಕಡೆಗೆ ಕಾರ್ಡಿನ ಕಾಗದದ ದಪ್ಪ, ಎಲ್ಲವೂ ಅವರ ತಲೆಯ ಮೇಲೆ. ಬೋರ್ಡಿಲ್ಲ, ಆಫೀಸಿಲ್ಲ. ಐವತ್ತು ದಾಟಿದ ಈ ಹೆಂಗಸಿನ ಬಳಿ ಇರುವುದು ಒಂದು ಫೋನು, ಗಂಡ ಮಂಜೂರ್ ಓಡಿಸುವ ಆಟೋ ಮತ್ತು ಒಂದು ಷರತ್ತು. ಹೆಂಗಸರು ಮೆಟ್ಟಿಲು ಹತ್ತಬಾರದು, ಹೆಂಗಸರ ಊಟ ಗಂಡಸರ ಊಟವಾದ ಮೇಲೆ ಆಗಬಾರದು. ಒಪ್ಪದ ಮನೆಯ ಮದುವೆ, ಅದು ಎಂಥ ಶ್ರೀಮಂತರದೇ ಇರಲಿ, ಅವರಿಗೆ ಬೇಡ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಶಾದಿ ಮಹಲಿನ ಮೆಟ್ಟಿಲು ಹತ್ತಿ ನೋಡಿರಲಿಕ್ಕಿಲ್ಲ. ಬಿರಿಯಾನಿಯ ದೇಗು, ಅಂದರೆ ಆ ಭಾರೀ ಹಂಡೆ, ಇಳಿಯುವುದು ನೆಲದ ಮೇಲೆ. ಅದರ ಮುಚ್ಚಳ ತೆರೆಯುವುದು ಗಂಡಸರ ಎದುರಿಗೆ. ಅಲ್ಲಿ ಎರಡು ಪಂಕ್ತಿ ಎದ್ದ ಮೇಲೆ ಉಳಿದದ್ದು ಬಕೆಟ್ಟುಗಳಲ್ಲಿ ಮೇಲಕ್ಕೆ ಹತ್ತುತ್ತದೆ. ಅಷ್ಟರಲ್ಲಿ ಅನ್ನ ಆರಿರುತ್ತದೆ, ಮಾಂಸ ಮಾಯವಾಗಿರುತ್ತದೆ. ಪಂಕ್ತಿಭೇದ ಮಹಾಪಾಪ ಎಂದು ಎಲ್ಲ ಧರ್ಮದವರೂ ಹೇಳುತ್ತಾರೆ. ಮಹಡಿಭೇದದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ.

ಚಾಂದ್ ಬೀ ಅವರ ಸಿಟ್ಟಿಗೆ ಒಂದು ಮೂಲವಿದೆ. ಅವರು ಹುಟ್ಟಿದ್ದು ಶಿವಾಜಿನಗರದ ಒಂದು ಗಲ್ಲಿಯಲ್ಲಿ. ಮೈದಾ ಅಂಟು ಕಾಯಿಸಿ ಮದುವೆ ಕಾರ್ಡುಗಳ ಲಕೋಟೆ ಅಂಟಿಸುವುದು ತಾಯಿ ಮಗಳು ಇಬ್ಬರ ಕಸುಬು. ಊರಿನವರ ಮದುವೆಯೆಲ್ಲ ಮೊದಲು ಅವರ ಮನೆಯ ಚಾಪೆಯ ಮೇಲೆ ಹಾದುಹೋಗುತ್ತಿತ್ತು. ಚಾಂದ್ ಬೀ ಅವರ ನಿಕಾಹ್ ದಿನ ತಾಯಿ ವಾತ ಹಿಡಿದ ಕಾಲೆಳೆದುಕೊಂಡು ಮೂರನೇ ಮಹಡಿ ಹತ್ತಿದರು. ಬಂದವರಿಗೆ ಬಡಿಸುವಷ್ಟರಲ್ಲಿ ಊಟ ಮುಗಿಯಿತು. "ನಂದಾಯ್ತು ಬೇಟಾ" ಎಂದು ಮಗಳಿಗೆ ಹೇಳಿ ಕಳಿಸಿಕೊಟ್ಟ ತಾಯಿ, ಮನೆಗೆ ಹೋಗಿ ಚಹಾದಲ್ಲಿ ಬನ್ನು ಅದ್ದಿ ತಿಂದರಂತೆ. ಇದು ಮಗಳ ಕಿವಿಗೆ ಬಿದ್ದದ್ದು ತಾಯಿ ತೀರಿಕೊಂಡ ಮೇಲೆ, ಪಕ್ಕದ ಮನೆಯವರಿಂದ.

"ಹೆತ್ತ ಮಗಳ ಮದ್ವೇಲಿ ಹಸ್ಕೊಂಡು ಹೋದ್ಳು ನಮ್ಮಮ್ಮ. ಯಾರ ತಪ್ಪು ಅಂತ ಕೇಳಿದ್ರೆ ಎಲ್ರೂ ರಿವಾಜು ಅಂತಾರೆ. ರಿವಾಜು ಏನು ಆಕಾಶದಿಂದ ಉದುರಿದ್ದಾ?" ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಏರಿದ್ದರೆ ಕೇಳುವವರಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಎಲ್ಲ ಮದುವೆಯಲ್ಲೂ ಜಗಳವೇ ಇರುತ್ತದೆ ಎಂದಲ್ಲ. ಮರ್ಫಿ ಟೌನಿನ ಸುಗತ ಅವರದು ಬೌದ್ಧ ಕುಟುಂಬ. ಅವರ ಕಾರ್ಡು ಅಚ್ಚಾಗಿದ್ದು ಚಾಂದ್ ಬೀ ಅವರ ನಂಬಿಕೆಯ ಪ್ರೆಸ್ಸಿನಲ್ಲಿ. ಪ್ರೆಸ್ಸಿನ ಫಹೀಮ್ ಹಿಂದಿನ ಮದುವೆಯ ಅಚ್ಚನ್ನು ತೆಗೆಯುವುದನ್ನೇ ಮರೆತು, ಬುದ್ಧನ ನೆತ್ತಿಯ ಮೇಲೆ ಚಂದ್ರ ನಕ್ಷತ್ರ ಕೂರಿಸಿಬಿಟ್ಟಿದ್ದ. ಚಾಂದ್ ಬೀ ತಲೆ ಚಚ್ಚಿಕೊಂಡರೆ ಸುಗತ ನಕ್ಕುಬಿಟ್ಟರು. "ನಮ್ದೂ ಹುಣ್ಣಿಮೆ ಲೆಕ್ಕಾನೇ ಆಂಟಿ. ನಕ್ಷತ್ರ ತೆಗ್ಸಿ, ಚಂದ್ರನ್ನ ರೌಂಡ್ ಮಾಡ್ಸಿ, ಸಾಕು." ಹಾಗೆಯೇ ಆಯಿತು.

ಈಗ ಕೈಯಲ್ಲಿರುವ ಮದುವೆ ಮಾತ್ರ ಅಷ್ಟು ಸಲೀಸಲ್ಲ. ಹುಡುಗಿ ಅಲಿಯಾ, ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿ ನಜೀರ್ ಅವರ ಮಗಳು. ಅವಳಿಗೂ ಅಪ್ಪನಿಗೂ ಷರತ್ತು ಒಪ್ಪಿಗೆ. ಗಂಡಿನ ದೊಡ್ಡಪ್ಪ ಶೌಕತ್ ಸಾಹೇಬರಿಗೆ ಒಪ್ಪಿಗೆಯಿಲ್ಲ. ಟ್ಯಾನರಿ ರಸ್ತೆಯ ಕಡೆ ಅವರ ಮಾತೆಂದರೆ ಮಾತು. "ನಮ್ಮ ಖಾನ್‌ದಾನ್‌ನಲ್ಲಿ ಗಂಡಸರು ಮೆಟ್ಟಿಲು ಹತ್ತಿ ಉಂಡಿದ್ದಿಲ್ಲ. ಹಂಗೇನಾದ್ರೂ ಆದ್ರೆ ನಮ್ಮ ಬೀದಿಯ ಒಂದು ಮದ್ವೇನೂ ನಿಮಗೆ ಸಿಗಲ್ಲ," ಎಂದು ಅವರು ಫೋನಿನಲ್ಲಿ ಹೇಳಿದ್ದಾರೆ. ಬೆದರಿಕೆ ಸುಳ್ಳಲ್ಲ. ಆ ಬೀದಿಯ ಮದುವೆಗಳು ಹೋದರೆ ಚಾಂದ್ ಬೀ ಅವರ ಅರ್ಧ ವರ್ಷದ ಅನ್ನ ಹೋದಂತೆ. ನಜೀರ್ ಅವರಿಗೆ ಬಿಸಿ ತುಪ್ಪ, ನುಂಗಲಾರರು, ಉಗುಳಲಾರರು. "ನೀವೇ ಏನಾದ್ರೂ ಮಾಡಿ ಆಪಾ," ಎಂದು ಕೈಚೆಲ್ಲುತ್ತಾರೆ.

ಚಾಂದ್ ಬೀ ಮಾಡುವುದು ಇಷ್ಟೇ. ಅಲಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಾರ್ಡಿನಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಒಂದು ಸಾಲು ಸೇರಿಸುತ್ತಾರೆ: ಕೆಳಗಿನ ಹಾಲ್ ಹೆಂಗಸರಿಗೆ, ಊಟ ಇಬ್ಬರಿಗೂ ಒಂದೇ ಹೊತ್ತಿಗೆ. ನಜೀರ್ ಓದಿ, ಬೆವರು ಒರೆಸಿಕೊಂಡು, ಹೂಂ ಎನ್ನುತ್ತಾರೆ. ಬೀಗರ ಕಡೆಯ ಮೊದಲ ಕಾರ್ಡು ಆ ಮನೆಯ ಅತಿ ಹಿರಿಯರ ಕೈಗೆ ಹೋಗಬೇಕು ಎನ್ನುವುದು ಇಲ್ಲಿನ ಪದ್ಧತಿ. ಆ ಹಿರಿಯರು ಶೌಕತ್ ಎಂದು ಎಲ್ಲರೂ ತಿಳಿದಿದ್ದಾರೆ. ಚಾಂದ್ ಬೀ ನೇರ ಹೋಗಿ ಕೂರುವುದು ಶೌಕತ್ ಅವರ ತಾಯಿಯ ಮಂಚದ ಬಳಿ.

ಎಂಬತ್ತರ ಅಜ್ಜಿಗೆ ಕಣ್ಣು ಮಂಜು. ಓದಿ ಹೇಳುವುದು ಶೌಕತ್ ಅವರ ಮಗಳು ಮಿಸ್ಬಾ. ಆ ಸಾಲು ಬಂದಾಗ ಅಜ್ಜಿ ತಡೆದು, ಇನ್ನೊಮ್ಮೆ ಓದು ಎನ್ನುತ್ತಾರೆ. ಆಮೇಲೆ ಕಾರ್ಡನ್ನು ಕಣ್ಣಿಗೊತ್ತಿಕೊಂಡು ದಿಂಬಿನಡಿ ಇಡುತ್ತಾರೆ. "ಮೂರು ಮದ್ವೆಗೆ ಹೋಗ್ಲಿಲ್ಲ ನಾನು, ಹುಷಾರಿಲ್ಲ ಅಂದೆ. ಹುಷಾರಾಗೇ ಇದ್ದೆ, ಮೆಟ್ಟಿಲು ಹತ್ತೋಕೆ ಕಾಲು ಬರ್ಲಿಲ್ಲ. ಇದಕ್ಕೆ ಬರ್ತೀನಿ," ಎನ್ನುತ್ತಾರೆ. ಶೌಕತ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ತಾಯಿ ಸ್ವೀಕರಿಸಿದ ಕಾರ್ಡನ್ನು ಮಗ ವಾಪಸು ಕೊಡುವಂತಿಲ್ಲ. ಚಾಂದ್ ಬೀ ಹೊರಗೆ ಬರುವಾಗ ಮಾತ್ರ ಶೌಕತ್ ತಗ್ಗಿದ ದನಿಯಲ್ಲಿ, "ಇದೇ ನಿಮ್ಮ ಕಡೇ ಮದ್ವೆ ಈ ಬೀದೀಲಿ," ಎನ್ನುತ್ತಾರೆ.

"ಆಗ್ಲಿ ಭಾಯಿ. ಕಡೇದನ್ನ ಚೆನ್ನಾಗೇ ಮಾಡ್ತೀನಿ."

ಮದುವೆಯ ಭಾನುವಾರ ಮಧ್ಯಾಹ್ನ, ಬಾಣಸವಾಡಿ ಕಡೆಯ ಅದೇ ಮಹಲು. ದೇಗಿನ ಎರಡೂ ಕಡೆ ಬಡಿಸುವವರು ನಿಂತಿದ್ದಾರೆ. ಮೇಲಕ್ಕೊಂದು ಬಕೆಟ್ಟು, ಕೆಳಗಿನ ಹಾಲ್‌ಗೊಂದು ಬಕೆಟ್ಟು, ಸರದಿ ತಪ್ಪದಂತೆ ಕಾಯುತ್ತಿರುವುದು ಚಾಂದ್ ಬೀ. ಗಂಡಸರು ಗೊಣಗುತ್ತಲೇ ಮೇಲೆ ಹತ್ತಿದ್ದಾರೆ, ಹತ್ತಿ ಬಿಸಿಯೂಟವನ್ನೇ ಉಣ್ಣುತ್ತಿದ್ದಾರೆ. ಕೆಳಗೆ ಮೊದಲ ಪಂಕ್ತಿಯಲ್ಲಿ ಕೂತ ಅಜ್ಜಿ ಮೂಳೆಯನ್ನು ಚೀಪುತ್ತಾ ಇನ್ನೊಂದು ತುಂಡು ಕೇಳುತ್ತಿದ್ದಾರೆ. ಅದನ್ನು ನೋಡಿ ಚಾಂದ್ ಬೀ ಒಂದು ಕ್ಷಣ ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಾರೆ, ದುಪಟ್ಟಾದಿಂದ ಮುಖ ಒರೆಸಿಕೊಳ್ಳುತ್ತಾರೆ. ಹೊಗೆ ಎಂದು ಹೇಳುತ್ತಾರೆ. ಹೊಗೆ ಅಲ್ಲ.

ಊಟ ಮುಗಿಯುವ ಹೊತ್ತಿಗೆ ಮಿಸ್ಬಾ ಕೈ ತೊಳೆದುಕೊಂಡು ಅವರ ಬಳಿ ಬಂದು ನಿಲ್ಲುತ್ತಾಳೆ. ರಂಜಾನ್ ಕಳೆದ ಮೇಲೆ ಅವಳದೂ ಮದುವೆ.

"ಆಂಟಿ, ನನ್ನ ಮದ್ವೇನೂ ನೀವೇ ಮಾಡ್ಬೇಕು, ಹಿಂಗೇ. ಅಬ್ಬಾನ್ನ ಕೇಳ್ಲಾ?"

ಚಾಂದ್ ಬೀ ಬಡಿಸುವವನ ಕೈಯಿಂದ ಸೌಟು ತೆಗೆದುಕೊಂಡು, ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿರುವ ತಮಗೊಂದು ತಟ್ಟೆ ಬಡಿಸಿಕೊಳ್ಳುತ್ತಾರೆ.

"ಕೇಳ್ಬೇಡ ಬೇಟಾ," ಎನ್ನುತ್ತಾರೆ. "ಹೇಳು."