ಮಡಚಿದ ಅಂಗಳ

ಗಲ್ಫಿನ ಖಾಲಿದಿಯಾ ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಹೋಟೆಲಿನ ಲಾಬಿಯಲ್ಲಿ, ಲಿಫ್ಟಿನ ಬಲಗಡೆಯ ಕಂಬಕ್ಕೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ಮೂರು ವರ್ಷದ ಹಿಂದಿನ ರಂಜಾನ್, ಇಫ್ತಾರ್‌ಗೆ ಸ್ವಲ್ಪ ಮೊದಲು. ಆ ಚಿತ್ರ ನನ್ನಿಂದ ನಾಲ್ಕು ಮಾರು ದೂರದ ಗೋಡೆಯ ಮೇಲಿತ್ತು.

ಅದನ್ನು ಬರೆದವರು ಮಂಗಳೂರಿನ ಕಡೆಯ ಒಬ್ಬ ನಿವೃತ್ತ ನರ್ಸ್. ಅಲ್ ಬರ್ಷಾದಲ್ಲಿ ಮಗಳ ಜೊತೆಗಿದ್ದರು. ಫುಜೈರಾ ದಾರಿಯ ಹಳೆಯ ಮಣ್ಣಿನ ಮಸೀದಿಯನ್ನು ಒಮ್ಮೆ ನೋಡಿ ಬಂದು ಬರೆದದ್ದು. ಮಸೀದಿ ಎಂದು ಹೇಳಿದರೆ ಮಾತ್ರ ಗೊತ್ತಾಗುತ್ತಿತ್ತು: ಒಂದಕ್ಕೊಂದು ಆತುಕೊಂಡ ನಾಲ್ಕು ಕಂದು ಸುತ್ತುಗಳು, ನಡುವೆ ಒಂದು ಕಪ್ಪು ಗೆರೆ. ಬರೆದು ಕಳಿಸಿದಾಗ ಎಡ ಅಂಚಿನಲ್ಲಿ ಒಂದು ಗೇಣು ಕ್ಯಾನ್ವಾಸ್ ಬಟ್ಟೆ ಖಾಲಿ.

ರಂಜಾನಿಗೆಂದು ಹೋಟೆಲಿನವರು ಲಾಬಿಯಲ್ಲಿ ಇಟ್ಟಿದ್ದ ಚಿತ್ರ ಪ್ರದರ್ಶನದ ಓಡಾಟವೆಲ್ಲ ನನ್ನದೇ. ಸುರುಳಿ ಸುತ್ತಿ ಬಂದ ಚಿತ್ರವನ್ನು ಬನಿಯಾಸ್‌ನ ಚೌಕಟ್ಟಿನ ಅಂಗಡಿಗೆ ಒಯ್ದಾಗ, ಅಲ್ಲಿ ಕೆಲಸದ ಕಾಸರಗೋಡಿನವರು ಖುಷಿಪಟ್ಟರು.

"ಮಡಚಲಿಕ್ಕೆ ಒಳ್ಳೆ ಜಾಗ ಬಿಟ್ಟಿದ್ದಾರೆ ಸರ್. ಕೆಲವರು ತುದಿವರೆಗೆ ಬಣ್ಣ ಬಳಿದು ತರ್ತಾರೆ, ನಾನು ಪಿನ್ ಎಲ್ಲಿಗೆ ಹೊಡೆಯುದು, ನನ್ನ ತಲೆಗಾ?"

ನಾನು ನಕ್ಕೆ. "ಯಲ್ಲಾ, ಆಗಲಿ, ಹೊಡೀರಿ" ಅಂದೆ. ಆ ಖಾಲಿ ಭಾಗ ಮರದ ಪಟ್ಟಿಯ ಹಿಂದಕ್ಕೆ ಹೋಯಿತು.

ಇಫ್ತಾರಿನ ಆ ಸಂಜೆ ಚಿತ್ರ ಬರೆದವರು ಮಗಳ ಕೈ ಹಿಡಿದು ಬಂದರು. ಚಿತ್ರದ ಎದುರು ನಿಂತು, ಚೌಕಟ್ಟಿನ ಎಡಕ್ಕೆ ಬರೀ ಗೋಡೆಯ ಮೇಲೆ ಅಂಗೈ ಇಟ್ಟರು.

"ಇಲ್ಲಿ ಅಂಗಳ ಉಂಟಲ್ವಾ? ನಾನು ಬಿಟ್ಟಿದ್ದೆ."

"ಎಂಥ ಅಂಗಳ, ಆಂಟಿ?" ಅಂದೆ.

"ಒಳಗೆ ನಮಾಜು ನಡೀತಿತ್ತು ಮಾರಾಯ. ನಾನು ಹೊರಗೆ ಕೂತಿದ್ದೆ. ನಾನು ಕೂತ ಜಾಗಕ್ಕೆ ಬಣ್ಣ ಹಾಕಲಿಲ್ಲ."

ಮಗಳು, ನಾನಿದ್ದೇನೆಂದು, ಮನೆಮಾತು ಬಿಟ್ಟು ಕನ್ನಡದಲ್ಲೇ ಹೇಳಿದರು: "ಮಮ್ಮಿ, ನಿಮಗೆ ಈಗೀಗ ಎಲ್ಲ ಕನ್‌ಫ್ಯೂಸ್. ಮೊನ್ನೆ ಗ್ಯಾಸ್ ಆಫ್ ಮಾಡಿದ್ದೇನೆ ಅಂದ್ರಿ, ಉರೀತಾ ಇತ್ತು."

ತಾಯಿ ನನ್ನತ್ತ ನೋಡಿದರು. ಅಂಗಳ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅತಿಥಿಗಳು ಬರುವ ಹೊತ್ತು. ಹೇಳಿದರೆ ಚಿತ್ರ ಇಳಿಸಬೇಕಾದೀತು, ಯಾಕೆಂದು ಮ್ಯಾನೇಜರಿಗೆ ಹೇಳಬೇಕಾದೀತು. ನಾನು ಬಾಗಿಲಿನ ಕಡೆ ತಿರುಗಿದೆ.

"ಇರಬಹುದು," ಅಂದರು. ಗೋಡೆಯಿಂದ ಕೈ ತೆಗೆದರು. ಆಮೇಲೆ ಅವರು ಬ್ರಷ್ ಹಿಡಿಯಲಿಲ್ಲ ಎಂದು ಮಗಳಿಂದ ತಿಳಿಯಿತು. ತಮ್ಮ ನೆನಪನ್ನು ತಾವೇ ನಂಬುತ್ತಿರಲಿಲ್ಲವಂತೆ.

ಕಳೆದ ವರ್ಷ ಆಂಟಿ ತೀರಿಕೊಂಡರು. ಲಾಬಿಗೆ ಹೊಸ ಬಣ್ಣ ಹೊಡೆಯುವಾಗ ಚಿತ್ರವನ್ನು ಅವರ ಮನೆಗೆ ಮರಳಿಸಲು ಮ್ಯಾನೇಜರ್ ಹೇಳಿದರು. ಮೊದಲು ಬನಿಯಾಸ್‌ಗೆ ಒಯ್ದು ಚೌಕಟ್ಟು ಬಿಚ್ಚಿಸಿದೆ. ಅಂಗಳ ಹಾಗೇ ಇತ್ತು, ನಡುವೆ ಮಡಿಕೆಯ ಗೆರೆ, ತುಕ್ಕು ಹಿಡಿದ ಪಿನ್ನಿನ ತೂತುಗಳು.

ಅಲ್ ಬರ್ಷಾದ ಮನೆಯ ಸೋಫಾದ ಮೇಲೆ ಹರಡಿದಾಗ ಮಗಳು ಬಾಗಿ ಆ ಅಂಚನ್ನೇ ನೋಡಿದರು.

"ಮಮ್ಮಿ ಹೇಳಿದ್ದು ಸರಿ ಇತ್ತು."

"ಹೌದು."

"ನಿಮಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಮಡಿಕೆಯ ಗೆರೆಯನ್ನು ಬೆರಳಿನಿಂದ ಸವರಿದರು. ಆ ಸಂಜೆ ಗೋಡೆಯ ಮೇಲಿದ್ದ ಆಂಟಿಯ ಕೈಯನ್ನು ಕಂಡವರಲ್ಲಿ ಈಗ ಬದುಕಿರುವವರು ಇಬ್ಬರು: ಅವರ ಮಗಳು ಮತ್ತು ನಾನು.