ಟಾಯ್ಲೆಟ್ ಎಂದರೆ ಸಣ್ಣ ಬಟ್ಟೆ

ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಹಲವು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮನೆ ಬೆಟಗೇರಿಯಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ಎರಡು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಒಂದು ಹಳೆಯ ಇಂಗ್ಲಿಷ್ ಕಥೆ ಓದಿಸುತ್ತಿದ್ದೆ. ಶ್ರೀಮಂತ ಹೆಂಗಸೊಬ್ಬಳು ಬೆಳಿಗ್ಗೆ ಟಾಯ್ಲೆಟ್‌ನಲ್ಲಿ ತೊಡಗಿದ್ದಳು ಎಂದು ಅದರಲ್ಲಿತ್ತು. ನಾನು ಹಿಂದೆ ಮುಂದೆ ನೋಡದೆ, ಸಂಡಾಸಿಗೆ ಹೋಗಿದ್ದಳು ಎಂದು ಕನ್ನಡದಲ್ಲಿ ಹೇಳಿಬಿಟ್ಟೆ. ಕ್ಲಾಸು ಗೊಳ್ಳೆಂದು ನಕ್ಕಿತು. ಒಬ್ಬ ಹುಡುಗಿ ಮಾತ್ರ ನಗದೆ ಎದ್ದು ನಿಂತಳು.

"ಅಕ್ಕೋರ, ಮುಂದ ಆಕಿನ್ನ ನೋಡಾಕ ಇಬ್ರು ಗೆಳತ್ಯಾರು ಬಂದ್ರು, ಕುಂತು ಮಾತಾಡಿದ್ರು ಅಂತ ಐತ್ರಿ. ಸಂಡಾಸದಾಗ ಹೆಂಗ ಕುಂಡ್ರಿಸಿ ಮಾತಾಡ್ಸಿದ್ಲ್ರಿ?"

"ನಾಳೆ ಹೇಳ್ತೀನಿ, ಕುಂಡ್ರು" ಎಂದೆ.

ಅಂದು ಸಂಜೆ ಮನೆಗೆ ಬಂದವಳೇ ದೊಡ್ಡ ನಿಘಂಟು ತೆಗೆದೆ. ಫ್ರೆಂಚಿನಲ್ಲಿ ನೇಯ್ದ ಬಟ್ಟೆಗೆ ಒಂದು ಮಾತು, ಅದರ ಸಣ್ಣ ತುಂಡಿಗೆ ಇನ್ನೊಂದು ಮಾತು. ಟಾಯ್ಲೆಟ್ ಹುಟ್ಟಿದ್ದು ಆ ಸಣ್ಣ ತುಂಡಿನಿಂದ. ಮೊದಲು ಉಡುಪು ಸುತ್ತಿಡುವ ಬಟ್ಟೆ. ಆಮೇಲೆ ಕನ್ನಡಿಯ ಮುಂದಿನ ಮೇಜಿಗೆ ಹಾಸುವ ಬಟ್ಟೆ. ಆಮೇಲೆ ಆ ಮೇಜಿನೆದುರು ತಲೆ ಬಾಚಿ ಸಿಂಗರಿಸಿಕೊಳ್ಳುವುದೇ ಟಾಯ್ಲೆಟ್. ಸಿಂಗಾರ ನಡೆಯುತ್ತಿರುವಾಗ ಗೆಳತಿಯರು ಬಂದು ಹರಟುತ್ತಿದ್ದರಂತೆ. ಅಲ್ಲಿಂದ ಸಿಂಗರಿಸಿಕೊಳ್ಳುವ ಕೋಣೆಗೆ, ಕೊನೆಗೆ ಶೌಚದ ಕೋಣೆಗೆ ಆ ಹೆಸರು ಇಳಿಯಿತು.

ನನ್ನಪ್ಪ ಮೊಣಕಾಲು ಸೋಲುವ ತನಕ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯ್ದವನು. ಅವನಿಗೆ ಇದನ್ನೆಲ್ಲ ಹೇಳಿದೆ.

"ನೇಯ್ದ ಬಟ್ಟಿ?" ಎಂದು ಮುಖ ಕಿವುಚಿದ. "ಥೂ! ಅದಕ್ಕ್ಯಾಕ ಬೇ ಈ ಗತಿ ಬಂತು?"

"ಸಂಡಾಸ ಅನ್ನಾಕ ನಾಚಿಕಿ ಅಪ್ಪ. ಹೊಲಸು ಮುಚ್ಚಾಕ ಒಂದು ಛಲೋ ಹೆಸರು ಬೇಕಾತು."

"ಹೆಸರು ಹೊದಿಸಿದ್ರ ನಾತ ಹೋಗ್ತೈತೇನು?"

ಮರುದಿನ ಕ್ಲಾಸಿನಲ್ಲಿ ನನ್ನ ತಪ್ಪು ಒಪ್ಪಿಕೊಂಡು, ಶಬ್ದದ ಕಥೆಯನ್ನೆಲ್ಲ ಹೇಳಿದೆ. ಮಕ್ಕಳಿಗೆ ಖುಷಿಯಾಯಿತು. ಅದೇ ಹುಡುಗಿ ಮತ್ತೆ ಎದ್ದಳು.

"ಹಂಗಾರ ನಮ್ಮ ಸಾಲ್ಯಾಗ ಇರೂದಕ್ಕ ಏನಂತಾರ್ರಿ?"

"ಯಾಕ?"

"ನೀವು ಒಮ್ಮೆರ ಒಳಗ ನೋಡೀರೇನ್ರಿ, ಅಕ್ಕೋರ?"

ನೋಡಿರಲಿಲ್ಲ. ಶಿಕ್ಷಕರಿಗೆ ಬೇರೆ ಶೌಚಾಲಯವಿತ್ತು. ಅದರ ಬೀಗದಕೈ ಸ್ಟಾಫ್‌ರೂಮಿನ ಮೊಳೆಗೆ ತೂಗುತ್ತಿತ್ತು. ಹುಡುಗಿಯರದು ಕಟ್ಟಡದ ಹಿಂದೆ, ನಾನು ನಿತ್ಯ ಪಾಠ ಮಾಡುವ ಕೋಣೆಯಿಂದ ಐವತ್ತು ಹೆಜ್ಜೆ. ಇಷ್ಟು ವರ್ಷ ಅತ್ತ ಕಾಲಿಟ್ಟಿರಲಿಲ್ಲ.

ಬಿಡುವಿನಲ್ಲಿ ಅವಳು ಕರೆದುಕೊಂಡು ಹೋದಳು. ಹೊರಗೋಡೆಯ ಮೇಲೆ ಸ್ವಚ್ಛತೆಯ ಘೋಷಣೆ ನೀಲಿ ಅಕ್ಷರದಲ್ಲಿತ್ತು. ಬಾಗಿಲ ಕೆಳಭಾಗ ಕೊಳೆತು ಉದುರಿತ್ತು. ದೂಡಿದಾಗ ನೊಣಗಳು ಮೋಡದಂತೆ ಎದ್ದು ಮುಖಕ್ಕೆ ಬಡಿದವು. ಒಂದು ತುಟಿಯ ಮೇಲೇ ಕೂತಿತು. ಗುಂಡಿ ತುಂಬಿ, ಉಕ್ಕಿ, ನೆಲದ ಮೇಲೆ ಪದರು ಪದರಾಗಿ ಒಣಗಿತ್ತು. ಆ ಒಣಗಿದ್ದರ ಮೇಲೆ ಹಸಿಯದು. ಮೂಲೆಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಪ್ಯಾಡುಗಳನ್ನು ನಾಯಿ ಹರಿದು ಹಾಕಿತ್ತು, ಅವುಗಳಲ್ಲಿ ಬಿಳಿ ಹುಳು ಮಿಜಿಮಿಜಿ ಎನ್ನುತ್ತಿದ್ದವು. ನಲ್ಲಿಯ ಬಾಯಲ್ಲಿ ಕಣಜದ ಗೂಡು. ಗೋಡೆ ಹಿಡಿದುಕೊಂಡು ನಾನು ವಾಂತಿ ಮಾಡಿದೆ.

ಹುಡುಗಿ ತನ್ನ ಬಾಟಲಿಯ ನೀರು ಕೊಟ್ಟಳು. ಬಾಟಲಿ ತುಂಬಿತ್ತು.

"ನೀರು ಕುಡದೇ ಇಲ್ಲಲ್ಲ ನೀನು?"

"ಸಾಲ್ಯಾಗ ಯಾರೂ ಕುಡಿಯೂದಿಲ್ರಿ. ಕುಡದ್ರ ಒಂದಕ್ಕ ಬರತೈತಿ. ಮುಟ್ಟಾದಾಗ ಸಾಲಿಗೇ ಬರೂದಿಲ್ರಿ."

ಹಾಜರಿ ಕೂಗುವಾಗ ಈ ಹುಡುಗಿಯರನ್ನೇ ನಿಲ್ಲಿಸಿ, "ಮೂರು ದಿನ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಎಲ್ಲರೆದುರು ಬೈದವಳು ನಾನು. ಬಾಯಿ ತೊಳೆದುಕೊಂಡರೂ ಕಹಿ ಹೋಗಲಿಲ್ಲ. ಆ ಕಹಿ ವಾಂತಿಯದಷ್ಟೇ ಆಗಿರಲಿಲ್ಲ.

ನೇರ ಹೆಡ್‌ಮಾಸ್ತರರ ಕೋಣೆಗೆ ಹೋದೆ. ಹುಡುಗಿ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅವರು ಚಹಾ ಕುಡಿಯುತ್ತಿದ್ದರು. ಕಂಡದ್ದನ್ನೆಲ್ಲ ಹೇಳಿದೆ.

"ತೊಳಸಿದ್ರಾತು ಬಿಡ್ರಿ, ಮೇಡಂ," ಎಂದರು. ಬಾಗಿಲ ಕಡೆ ಗದ್ದ ತೋರಿಸಿದರು. "ಈಕಿನ್ನ ಹಚ್ಚೂಣು. ಇವರವ್ವ ಲಕ್ಷ್ಮೇಶ್ವರದಾಗ ಇದ ಕೆಲಸ ಮಾಡ್ತಾಳ. ಇವರಿಗೆ ರೂಢಿ ಇರತೈತಿ."

ದನಿ ತಗ್ಗಿಸಲಿಲ್ಲ. ಹೇಳಿ ಮುಗಿಸಿ, ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗಿ ಜೋತಾಡುತ್ತಿದ್ದ ತುದಿಯನ್ನು ಬಾಯಿ ಮುಂದೆ ಚಾಚಿ ಹೀರಿದರು. ಶೌಚಾಲಯದಲ್ಲಿ ಕಂಡದ್ದನ್ನಾದರೂ ಮರೆತೇನು, ಆ ಬಾಯನ್ನು ಮರೆಯಲು ಆಗಿಲ್ಲ.

"ಸರ್, ಏನ್ ಮಾತಾಡಾಕತ್ತೀರಿ?"

"ಯಾಕ್ರಿ, ಮಕ್ಕಳಿಗೆ ಸ್ವಚ್ಛತಾ ಕಲಸಬೇಕಲ್ಲ?"

"ಹಂಗಾದ್ರ ನಿಮ್ಮ ಮಗಳನ್ನೂ ಕರಸ್ರಿ. ಆಕಿನೂ ಕಲೀಲಿ."

ಅವರ ಮುಖ ಕೆಂಪಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಹುಡುಗಿ ಹೋಗಿದ್ದಳು.

ಸ್ಟಾಫ್‌ರೂಮಿನ ಮೊಳೆಯಿಂದ ಶಿಕ್ಷಕರ ಶೌಚಾಲಯದ ಬೀಗದಕೈ ತಂದು ಒಂಬತ್ತನೆಯ ತರಗತಿಯ ಕಿಟಕಿಗೆ ಕಟ್ಟಿದೆ, ಹುಡುಗಿಯರು ಬಳಸಲಿ ಎಂದು. "ನಮಗ ರೋಗ ಬಂದ್ರ ಯಾರ್ ಹೊಣಿ?" ಎಂದು ಜೊತೆಯ ಶಿಕ್ಷಕಿಯೊಬ್ಬರು ಜಗಳಕ್ಕೆ ಬಂದರು. ಮೂರನೆಯ ದಿನ ಬೀಗವೇ ಬದಲಾಗಿತ್ತು. ಹೊಸ ಬೀಗದಕೈ ನನಗೂ ಸಿಗಲಿಲ್ಲ. ಅವತ್ತಿನಿಂದ ನಾನೂ ನೀರು ಕುಡಿಯುವುದನ್ನು ಬಿಟ್ಟೆ. ಎರಡು ವಾರದಲ್ಲಿ ಉರಿಮೂತ್ರ ಶುರುವಾಯಿತು. ಬಸ್ಸು ಕುಲುಕಿದಾಗಲೆಲ್ಲ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಪಾಲಕರ ಸಭೆಯ ದಿನ ಬಂದ ತಾಯಂದಿರಿಗೆ ನಾನು ಭಾಷಣ ಮಾಡಲಿಲ್ಲ. "ಬರ್ರಿ, ಒಂದು ತೋರಸ್ತೀನಿ" ಎಂದು ಕಟ್ಟಡದ ಹಿಂದೆ ಕರೆದೊಯ್ದೆ. ಎಲ್ಲರೂ ಸೆರಗು ಮೂಗಿಗೊತ್ತಿಕೊಂಡು ಹಿಂದೆ ಸರಿದರು. ಒಬ್ಬಾಕೆ ಮಾತ್ರ ಮೂಗು ಮುಚ್ಚದೆ ಒಳಗೆ ಹೋಗಿ, ಸುತ್ತ ನೋಡಿ, ಹೊರಬಂದು, ನಮ್ಮ ಹಿಂದೆಯೇ ಬಂದಿದ್ದ ಹೆಡ್‌ಮಾಸ್ತರರ ಮುಂದೆ ನಿಂತಳು. ಅವಳೇ ಆ ಹುಡುಗಿಯ ತಾಯಿ.

"ಇದನ್ನ ನನ್ನ ಮಗಳ ಕೈಲೆ ತೊಳಸ್ತೀನಿ ಅಂದಿದ್ರೇನ್ರಿ, ಸರ? ಆಕಿ ಕೈಗೆ ಇದು ಹತ್ತಬಾರದಂತನ ನಾನು ದಿನಾ ಬೆಳಿಗ್ಗೆ ಇದರಾಗ ಕೈ ಹಾಕ್ತೀನ್ರಿ."

ಅವರು ಜೇಬಿನಿಂದ ಫೋನ್ ತೆಗೆದು ನೋಡತೊಡಗಿದರು. ಫೋನು ಸದ್ದು ಮಾಡಿರಲಿಲ್ಲ. ತಾಯಂದಿರು ಮಾತ್ರ ಅಲ್ಲಿಂದ ಕದಲಲಿಲ್ಲ. ಮೇಲಿನ ಕಚೇರಿಗೆ ಅರ್ಜಿ ಬರೆದು, ಎಲ್ಲರೂ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದ ಮೇಲೆಯೇ ಮನೆಗೆ ಹೋದರು.

ಎರಡು ತಿಂಗಳಲ್ಲಿ ಯಂತ್ರ ಬಂದು ಗುಂಡಿ ಖಾಲಿ ಮಾಡಿತು. ಹೊಸ ಬಾಗಿಲು, ಮೇಲೊಂದು ನೀರಿನ ಟಾಕಿ ಬಂದವು. ಹೆಡ್‌ಮಾಸ್ತರರು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಹೈಟೆಕ್ ಟಾಯ್ಲೆಟ್ ತಮ್ಮ ಬಹುದಿನದ ಕನಸಾಗಿತ್ತು ಎಂದರು. ನಾನು ಚಪ್ಪಾಳೆ ತಟ್ಟಲಿಲ್ಲ, ಅಷ್ಟೇ ನನ್ನಿಂದಾದದ್ದು. ಹುಡುಗಿಯರು ಈಗ ನೀರು ಕುಡಿಯುತ್ತಾರೆ, ಹಾಜರಿಯೂ ತುಂಬಿದೆ.

ಆದರೆ ಆ ಹುಡುಗಿ ಹೆಡ್‌ಮಾಸ್ತರರ ಬಾಗಿಲಿಂದ ಹೋದ ಮೇಲೆ ನನ್ನ ಕ್ಲಾಸಿನಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋದಳು. "ಏನರ ಕೇಳವಾ" ಎಂದು ನಾನೇ ಎಷ್ಟೋ ಸಲ ಕೆದಕಿದೆ. "ಎಲ್ಲಾ ತಿಳದೈತ್ರಿ" ಎನ್ನುತ್ತಿದ್ದಳು. ಒಳ್ಳೆಯ ಅಂಕ ಪಡೆದು ಪಾಸಾಗಿ, ಈಗ ಮುಂಡರಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಅಲ್ಲಿಯಾದರೂ ಎದ್ದು ನಿಂತು ಕೇಳುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ.