ಹನ್ನೆರಡನೆಯ ಬಾವಲಿ

ನಾನು ಈ ಜನ್ಮದಲ್ಲಿ ಹನ್ನೊಂದು ಬಾವಲಿಗಳನ್ನು ಹೊಡೆದಿದ್ದೇನೆ. ಎಲ್ಲವನ್ನೂ ಮಧ್ಯಾಹ್ನ ಊಟವಾದ ಮೇಲೆ, ಕನ್ನಡಕ ಹಾಕಿಕೊಂಡು, ಸೋಫಾದ ಮೇಲೆ ಕುಳಿತೇ ಹೊಡೆದದ್ದು. ಇದಕ್ಕೆ ಸಾಕ್ಷಿ ನಿಮ್ಮೆಲ್ಲರಿಗಿಂತ ದೊಡ್ಡ ಮೊಮ್ಮಗಳು ಸಾನ್ವಿ ಒಬ್ಬಳೇ. ಹುಬ್ಬಳ್ಳಿಯಲ್ಲಿರುವ ಮೊಮ್ಮಕ್ಕಳು ನೀವಿಬ್ಬರೂ ಫೋನಿನಲ್ಲಿ ಕೇಳಿ ನಕ್ಕಿರಿ, ನಂಬಲಿಲ್ಲ. ಬಾಯಿಬಿಟ್ಟು ವಿವರಿಸಲು ನನಗೆ ನಾಚಿಕೆ. ಏಳನೆಯ ಇಯತ್ತೆಯವರೆಗೆ ಊರ ಸಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಇಲ್ಲಿ ಬೆಳಗಾವಿಯ ಮನೆಯಲ್ಲಿ ಸಾನ್ವಿ ಟಿವಿಯಲ್ಲಿ ಆಡುವ ಆಟ ದೆವ್ವದ ಮನೆಯದು. ಅದರಲ್ಲಿ ಮೂರು ಭಾಗಗಳು ಬಂದಿವೆಯಂತೆ, ಭಾಗಕ್ಕೊಂದು ಹೊಸ ಮನೆ. ಆಡುವವರ ಕೈಗೆ ಒಂದು ಬ್ಯಾಟರಿ, ಒಂದು ಕಸಬರಿಗೆ ಕೊಡುತ್ತಾರೆ. ಕಸಬರಿಗೆ ನೋಡಿ ನನಗೆ ತುಸು ಧೈರ್ಯ ಬಂತು, ಐವತ್ತು ವರ್ಷ ಹಿಡಿದ ವಸ್ತುವಲ್ಲವೇ? ಆದರೆ ಅಷ್ಟೊಂದು ಧೂಳು, ಜೇಡರ ಬಲೆ ಇದ್ದರೂ ಅಲ್ಲಿ ಕಸ ಗುಡಿಸುವಂತಿಲ್ಲ. ಎದುರು ಬಂದದ್ದನ್ನು ಬಡಿಯಬೇಕು. ಬಡಿದರೆ ಅದು ಪುಸ್ ಎಂದು ಹೊಗೆಯಾಗಿ, ಹೊಳೆಯುವ ಒಂದು ಹರಳು ಕೆಳಗೆ ಉದುರುತ್ತದೆ.

ನಾನು ಈ ಆಟಕ್ಕೆ ಕುಳಿತದ್ದು ಚಪಲಕ್ಕಲ್ಲ. ಖಾನಾಪುರದ ಆಚೆ ನನ್ನ ತವರೂರಿದೆ. ಸಾನ್ವಿಗೆ ಹನ್ನೊಂದು ತುಂಬಿದರೂ ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ. ಒಂದು ವರ್ಷ ಪರೀಕ್ಷೆ, ಒಂದು ವರ್ಷ ಜ್ವರ, ಆಮೇಲೆ ನಿಮ್ಮ ಅಜ್ಜ ತೀರಿಕೊಂಡ ವರ್ಷ. ನಾನು ಆಡಿ ಬೆಳೆದ ಜಾಗವನ್ನು ನಿಮ್ಮಲ್ಲಿ ಒಬ್ಬರಿಗಾದರೂ ಕೈಹಿಡಿದು ತೋರಿಸಬೇಕೆಂಬ ಆಸೆ ನನಗೆ ಬಹಳ ದಿನದ್ದು. ಈ ಮೇ ತಿಂಗಳಲ್ಲಿ ಎಲ್ಲ ಕೂಡಿಬಂತು ಎನ್ನುವಾಗ, ಊರ ಅಂಚಿನ ದೊಡ್ಡ ಮಾವಿನ ಮರದ ತುಂಬ ಬಾವಲಿಗಳಿವೆ ಎಂದು ನಾನೇ ಬಾಯಿತಪ್ಪಿ ಹೇಳಿಬಿಟ್ಟೆ.

"ಬಾವಲಿ? ನಾ ಬರಾಂಗಿಲ್ಲ," ಎಂದಳು ಸಾನ್ವಿ.

"ಅವು ಏನ ಮಾಡ್ತಾವ ನಿನಗ?"

"ಎರಡನೇ ಭಾಗದಾಗ ನಾಲ್ಕ ಸಲ ಸತ್ತೀನಿ ಅವುಗಳಿಂದ!"

ನಾಲ್ಕು ಸಲ ಸತ್ತವಳ ಮಾತಿಗೆ ಎದುರು ಮಾತು ಏನಿದೆ? ಅವಳನ್ನು ಇಷ್ಟು ಹೆದರಿಸಿದ ಬಾವಲಿ ಎಂಥದ್ದು ಎಂದು ನೋಡಲು ನಾನೂ ಪಕ್ಕದಲ್ಲಿ ಕುಳಿತೆ.

ನೋಡಿದಷ್ಟೂ ಕುತೂಹಲ ಹೆಚ್ಚಿತು. ಮೊದಲ ಮನೆಯ ಬಾವಲಿ ಕಂದು ಬಣ್ಣದ್ದು, ಬಡಪಾಯಿ, ಒಂದೇ ಏಟಿಗೆ ಹೊಗೆ. ಎರಡನೆಯ ಮನೆಯಲ್ಲಿ ಅವು ಬದನೆಕಾಯಿ ಬಣ್ಣಕ್ಕೆ ತಿರುಗಿ ಜೋಡಿಜೋಡಿಯಾಗಿ ಬರುತ್ತವೆ. ಮೂರನೆಯದರಲ್ಲಿ ಕಣ್ಣು ಕೆಂಡ, ಬಾಯಲ್ಲಿ ಬೆಂಕಿ. ದೆವ್ವಗಳೂ ಮನೆಯಿಂದ ಮನೆಗೆ ಬದಲಾಗುತ್ತವೆ, ಆದರೆ ಬೇರೆ ರೀತಿ. ಮೂರನೆಯ ಮನೆಗೆ ಬರುವಷ್ಟರಲ್ಲಿ ಒಂದೊಂದು ದೆವ್ವಕ್ಕೂ ಒಂದೊಂದು ಕಥೆ. ಒಂದಕ್ಕೆ ಕಳೆದುಹೋದ ಪಿಟೀಲು ಬೇಕು, ಇನ್ನೊಂದಕ್ಕೆ ಮಗಳ ಪತ್ರ ಬೇಕು. ಹುಡುಕಿಕೊಟ್ಟರೆ ಕೈಮುಗಿದು ಹೋಗುತ್ತವೆ. ಬಾವಲಿಗೆ ಮಾತ್ರ ಮೂರು ಮನೆ ದಾಟಿದರೂ ಕಥೆಯೇ ಇಲ್ಲ. ಸತ್ತವರ ಮೇಲೆ ಇಷ್ಟು ಕರುಣೆಯಿದ್ದ, ಈ ಆಟ ಮಾಡಿದವರಿಗೆ ಬದುಕಿದ್ದ ಒಂದು ಪ್ರಾಣಿ ಏಕೆ ಕಾಣಲಿಲ್ಲವೋ. ಮದುವೆ ಮನೆಗಳಲ್ಲಿ ನಾನು ನಾಚಿಕೆಯಿಂದ ಮೂಲೆ ಹಿಡಿದು ಕುಳಿತರೆ, ಈಕೆಗೆ ಎಷ್ಟು ಸೊಕ್ಕು ಎಂದು ಜನ ಆಡಿಕೊಂಡದ್ದುಂಟು. ಮೂಲೆಯಲ್ಲಿ ಸುಮ್ಮನಿರುವವರ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಪಕ್ಷಪಾತ.

"ಅಲ್ಲವಾ, ಆ ಮನ್ಯಾಗ ಒಂದು ಹಣ್ಣಿಲ್ಲ, ಗಿಡ ಇಲ್ಲ. ಇವು ತಿಂತಾವ ಏನು?" ಎಂದು ಕೇಳಿದೆ.

ಸಾನ್ವಿ ಬಿದ್ದು ಬಿದ್ದು ನಕ್ಕಳು. "ಅಜ್ಜಿ, ಅದು ಎನಿಮಿ! ಎನಿಮಿ ಏನೂ ತಿನ್ನೂದಿಲ್ಲ."

ಆಮೇಲೆ ಅವಳೇ ಕರಾರು ಹಾಕಿದಳು. ಮೂರನೆಯ ಮನೆಯ ಅಟ್ಟದಲ್ಲಿ ಹನ್ನೆರಡು ಬಾವಲಿಗಳ ಖೋಲಿಯಿದೆ. ಹನ್ನೆರಡನ್ನೂ ಹೊಡೆದರೆ ಬಾಗಿಲು ತೆರೆಯುತ್ತದೆ. ನಾನು ಆ ಖೋಲಿ ದಾಟಿದರೆ ಅವಳು ಖಾನಾಪುರಕ್ಕೆ ಬರುತ್ತಾಳೆ. ದಾಟದಿದ್ದರೆ ಇಲ್ಲ.

ನಾಲ್ಕು ದಿನ ಅವಳು ಚಿತ್ರಕಲೆಯ ಕ್ಲಾಸಿಗೆ ಹೋದ ಹೊತ್ತಿನಲ್ಲಿ ಕದ್ದು ಅಭ್ಯಾಸ ಮಾಡಿದೆ. ಬಲಕ್ಕೆ ಹೋಗೆಂದರೆ ಆಟದೊಳಗಿನ ನನ್ನ ಹುಡುಗಿ ಗೋಡೆಗೆ ಹಣೆಯಿಟ್ಟು ನಡೆಯುತ್ತಿದ್ದಳು. ಕಸಬರಿಗೆ ಬೀಸಿದರೆ ಬಾವಲಿ ಉಳಿದು ಹೂದಾನಿ ಒಡೆಯುತ್ತಿತ್ತು. ಒಂದು ಮಧ್ಯಾಹ್ನ ಸಕ್ಕರೆ ಕೇಳಲು ಬಂದ ಬಾಜು ಮನೆಯಾಕೆ ಬಾಗಿಲಲ್ಲೇ ನಿಂತು, "ಏನ್ರೀ ಅಕ್ಕಾರ, ಮಟಮಟ ಮಧ್ಯಾಹ್ನ ದೆವ್ವದ ಸಂಗಾಟ ಕುಸ್ತಿ ನಡಸೀರಿ?" ಎಂದಳು. ನಾನು ರಿಮೋಟನ್ನು ಸೆರಗಿನೊಳಗೆ ಮುಚ್ಚಿದೆ. ಟಿವಿಯನ್ನು ಮುಚ್ಚುವಷ್ಟು ಸೆರಗು ಎಲ್ಲಿಂದ ತರಲಿ?

ಐದನೆಯ ದಿನ ಸಾನ್ವಿಯ ಎದುರಿಗೇ ಪರೀಕ್ಷೆ. ಹೇಗೋ ಏನೋ, ಅಂದು ಕೈ ಮಾತು ಕೇಳಿತು. ಒಂದು, ಎರಡು, ಐದು, ಎಂಟು. ಸಾನ್ವಿ ಸೋಫಾದ ಮೇಲೆ ನಿಂತೇಬಿಟ್ಟಳು. ಹನ್ನೊಂದು! ಉಳಿದದ್ದು ಒಂದೇ. ಅದು ತೊಲೆಯ ಮೂಲೆಯಲ್ಲಿ ತಲೆಕೆಳಗಾಗಿ ಜೋತು, ಕಣ್ಣು ಮುಚ್ಚಿಕೊಂಡಿತ್ತು. ಉಸಿರಿಗೆ ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಯಾರೋ ಪುಣ್ಯಾತ್ಮರು ಅಷ್ಟನ್ನು ನೋಡಿ ಚಿತ್ರ ಬರೆದಿದ್ದರು.

"ಹೊಡಿ ಅಜ್ಜಿ! ಯಾಕ ನಿಂತಿ?"

"ಮಲಗೈತಲ್ಲವಾ ಅದು."

"ಮಲಗಿದಾಗನ ಹೊಡೀಬೇಕು! ಲಗೂನ!"

ಹತ್ತಿರದಿಂದ ನೋಡೋಣವೆಂದು ನಾನು ಬ್ಯಾಟರಿಯ ಬೆಳಕು ಬಿಟ್ಟೆ. ಬೆಳಕು ಬಿದ್ದದ್ದೇ ತಡ ಅದು ಎದ್ದು ಬೆಂಕಿ ಉಗುಳಿತು. ನನ್ನ ಹುಡುಗಿ ಸತ್ತಳು.

ನಾನು ಸೋತೆ. ತವರಿಗೆ ಒಬ್ಬಳೇ ಹೋಗುವುದೇ ನನ್ನ ಹಣೆಬರಹ ಎಂದುಕೊಂಡು ಕನ್ನಡಕ ಒರೆಸತೊಡಗಿದೆ. ಸೋಫಾದ ಮೇಲೆ ನಿಂತಿದ್ದ ಸಾನ್ವಿ ನನ್ನ ಪಕ್ಕ ಕುಳಿತಳು. ಆಮೇಲೆ ಕೇಳಿದಳು, "ನಿಮ್ಮೂರಿನ ಬಾವಲಿನೂ ಹಿಂಗ ಮಲಗ್ತಾವೇನು?"

"ಹಗಲೆಲ್ಲಾ."

"ಎದ್ದ ಮ್ಯಾಲೆ?"

"ಗೇರಹಣ್ಣ ಹುಡುಕ್ಕೋತ ಹೋಗ್ತಾವ. ನಮ್ಮ ಕಡೆ ಹೊಳ್ಳಿನೂ ನೋಡೂದಿಲ್ಲ."

"ನೀ ಸೋತೀದಿ ಅನ್ನೂದು ಖರೇ," ಎಂದಳು. "ಆದ್ರ ಒಂದ ದಿನ ಬರ್ತೀನಿ. ದೂರ ನಿಂತ ನೋಡ್ತೀನಿ, ಅಷ್ಟ."

ಬಸ್ಸು ದಾರಿಯ ದೇಸೂರು ದಾಟುವವರೆಗೂ ಅವಳದು ಪ್ರಶ್ನೆಯ ಮೇಲೆ ಪ್ರಶ್ನೆ. ಕೂದಲಿಗೆ ಸಿಕ್ಕಿಕೊಳ್ಳುತ್ತವೆಯೇ, ಹಲ್ಲು ಎಷ್ಟಿವೆ, ಮಳೆ ಬಂದರೆ ಏನು ಮಾಡುತ್ತವೆ? ಬಾವಲಿ ಮುಟ್ಟಿದ್ದನ್ನು ಬರಿಗೈಯಲ್ಲಿ ಮುಟ್ಟಬಾರದು, ಅವು ಕಚ್ಚಿದ ಹಣ್ಣನ್ನಂತೂ ತಿನ್ನಲೇಬಾರದು ಎಂದು ಅವಳ ತಾಯಿ ಪಾತ್ರೆ ತೊಳೆಯುವ ರಬ್ಬರು ಕೈಗವಸು ಕಟ್ಟಿಕೊಟ್ಟಿದ್ದಳು. ಒಳ್ಳೆಯದೇ. ನಮ್ಮ ಕಾಲದಲ್ಲಿ ಅಷ್ಟು ತಿಳಿವಳಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾವಿನ ಮರದ ಕಡೆ ನಡೆದೆವು. ಬಾವಲಿಗಳು ರಾತ್ರಿ ಎಲ್ಲೆಲ್ಲಿಂದಲೋ ಗೇರುಹಣ್ಣು ಕಚ್ಚಿ ತಂದು, ರಸ ಹೀರಿ, ಬೀಜವನ್ನು ಮರದ ಬುಡದಲ್ಲಿ ಉದುರಿಸುತ್ತವೆ. ಯಾರ ತೋಟದ್ದೆಂದು ಯಾರಿಗೆ ಗೊತ್ತು? ಅದಕ್ಕೇ ನಮ್ಮೂರಲ್ಲಿ ಆ ಮರದ ಕೆಳಗಿನ ಬೀಜ ಮಕ್ಕಳ ಪಾಲು, ದೊಡ್ಡವರು ಬಗ್ಗುವಂತಿಲ್ಲ. ಪ್ರತಿಯಾಗಿ ಮಕ್ಕಳು ಆ ಮರಕ್ಕೆ ಕಲ್ಲು ಎಸೆಯುವಂತಿಲ್ಲ. ನನ್ನ ಬಾಲ್ಯದಲ್ಲೂ ಹಾಗೇ, ಈಗಲೂ ಹಾಗೇ.

ಸಾನ್ವಿ ಇಪ್ಪತ್ತು ಹೆಜ್ಜೆ ದೂರ ನಿಂತಳು. ಮೇಲೆ ನೂರಾರು ಬಾವಲಿಗಳು ರೆಕ್ಕೆಯನ್ನು ಶಾಲಿನಂತೆ ಸುತ್ತಿಕೊಂಡು ಜೋತಿದ್ದವು. ಬಿಸಿಲೇರಿದಂತೆ ಒಂದೊಂದೇ ರೆಕ್ಕೆ ಬಿಚ್ಚಿ ಗಾಳಿ ಹಾಕಿಕೊಳ್ಳತೊಡಗಿದವು.

"ಅಜ್ಜಿ, ಮದುವಿ ಮನ್ಯಾಗ ಕುಂತ ಮುದುಕ್ಯಾರಗತೆ ಅದಾವಲ್ಲ!" ಎಂದಳು. ಇಪ್ಪತ್ತು ಹೆಜ್ಜೆ ಹತ್ತಾಯಿತು. ಹತ್ತು ಐದಾಯಿತು. ಆಮೇಲೆ ಹಳದಿ ಕೈಗವಸು ಹಾಕಿಕೊಂಡು, ನನ್ನ ಅಣ್ಣನ ಮೊಮ್ಮಕ್ಕಳ ನಡುವೆ ಬಗ್ಗಿ ಬೀಜ ಆರಿಸತೊಡಗಿದಳು. ನಾನು ದೊಡ್ಡವಳು, ಬಗ್ಗುವಂತಿಲ್ಲ. ಕೈಕಟ್ಟಿ ನಿಂತು ನೋಡಿದೆ. ಬುಟ್ಟಿ ತುಂಬುತ್ತ ಬಂದಾಗ ತಲೆಯೆತ್ತಿ ನನ್ನನ್ನು ಕೇಳಿದಳು, "ಯಾರೂ ಹೊಡದಿಲ್ಲ. ಆದರೂ ಇಷ್ಟ ಉದರಸ್ಯಾವಲ್ಲ?"

ಒಂದು ದಿನಕ್ಕೆಂದು ಬಂದವಳು ಆರು ದಿನ ಉಳಿದಳು.

ಬೆಳಗಾವಿಗೆ ಮರಳಿದ ಸಂಜೆ ಮತ್ತೆ ಅದೇ ಆಟ, ಅದೇ ಅಟ್ಟ. ಸಾನ್ವಿ ಹನ್ನೊಂದನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೊಡೆದು ಹಾಕಿದಳು. ಹನ್ನೆರಡನೆಯದು ಮೂಲೆಯಲ್ಲಿ ಮಲಗಿತ್ತು. ಅದರ ಕೆಳಗೆ ಬ್ಯಾಟರಿ ಆರಿಸಿ ನಿಂತಳು.

"ಅಜ್ಜಿ," ಎಂದಳು, ಟಿವಿಯಿಂದ ಕಣ್ಣು ತೆಗೆಯದೆ. "ಈ ಮನ್ಯಾಗ ಇದು ಏನ ತಿಂತೈತಿ?"

ನನಗೆ ಗೊತ್ತಿಲ್ಲ ಎಂದೆ. ಆಮೇಲೆ ಅವಳು ಅದನ್ನು ಹೊಡೆದಳು. ಬಾಗಿಲು ತೆರೆಯಬೇಕಲ್ಲ, ಮಕ್ಕಳೇ. ಆದರೆ ಉದುರಿದ ಹರಳನ್ನು ಮಾತ್ರ ಎತ್ತಿಕೊಳ್ಳದೆ ದಾಟಿ ಹೋದಳು.